ಯಾವ ಆಂಟಿ ಮನೆಗೆ?

ನವೆಂಬರ್ 7, 2025, ಶುಕ್ರವಾರ
ಮೈಸೂರು

ಭಾನುವಾರ ಮಂಡ್ಯದಲ್ಲಿ ತಮ್ಮನ ಮನೆ ಗೃಹಪ್ರವೇಶ. ನಾಳೆಯೇ ಹೊರಡಬೇಕು. ಇವರು ಅಟ್ಟದಿಂದ ಸೂಟ್‌ಕೇಸ್ ಇಳಿಸಿದರು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಕವರ್. ಅದರೊಳಗೆ ಅವಳ ಬಟ್ಟೆಯೆಲ್ಲ. (2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇವಳ ಹಾಗೆ ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಹತ್ತಿರ ಇರಲಾಗದೆ ಸ್ವಲ್ಪ ಕಾಲ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ಹೆಸರು, ಶಾಲೆ ಯಾವುದನ್ನೂ ಬರೆಯುವಂತಿಲ್ಲ. ಇಲ್ಲಿ ಅವಳು ಪುಟ್ಟಿ.)

"ಎಲ್ಲಿಗೆ ಹೊರಟೆ ಕಂದ?"

"ನೀವೇ ಹೇಳ್ಬೇಕು. ಈಗ ಯಾವ ಆಂಟಿ ಮನೆಗೆ?"

ಅಳು ಇಲ್ಲ, ಕೋಪ ಇಲ್ಲ. ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ವಿಚಾರಿಸುವ ಹಾಗೆ ಕೇಳಿದಳು.

"ಏನೇ ಇದು ನಾಟಕ, ಏಳು ಮೇಲೆ" ಅಂದರು ಅತ್ತೆ. ಅವರಿಗೂ ಇವಳೆಂದರೆ ಪ್ರೀತಿಯೇ. ದಿನಾ ಜಡೆ ಹಾಕುವುದು ಅವರೇ. ಆದರೆ ಇದು ನಾಟಕ ಅಲ್ಲ. ಬಟ್ಟೆ ಕಟ್ಟಿದಾಗಲೆಲ್ಲ ಇವಳಿಗೆ ಒಂದೊಂದು ಮನೆ ತಪ್ಪಿಹೋಗಿದೆ. ಅಜ್ಜಿ ಮನೆ, ದೊಡ್ಡಮ್ಮನ ಮನೆ, ಆಮೇಲೆ ಬಾಲಮಂದಿರ. ಮೈಗೆ ಅದು ಗೊತ್ತು. ಮೊದಲು ಹೆದರಿಕೆ ಇಳಿಯಬೇಕು, ಮಾತು ಆಮೇಲೆ ಅಂತ ಕೌನ್ಸೆಲರ್ ಮೇಡಂ ಹೇಳುತ್ತಲೇ ಇರುತ್ತಾರೆ.

ನಾನೂ ನೆಲದ ಮೇಲೆ ಕೂತೆ. ಮುಟ್ಟಲಿಲ್ಲ, ದಿಢೀರಂತ ಮುಟ್ಟಿದರೆ ಬೆಚ್ಚುತ್ತಾಳೆ. ಉಸಿರು ನಿಧಾನವಾದ ಮೇಲೆ ಕ್ಯಾಲೆಂಡರ್ ತೋರಿಸಿದೆ. ನಾಳೆ ರೈಲು, ರಾತ್ರಿ ಮಾವನ ಮನೆ, ಭಾನುವಾರ ಊಟ, ರಾತ್ರಿಗೆ ಇದೇ ಹಾಸಿಗೆ. ಸ್ಕೂಲ್ ಬ್ಯಾಗು ಇಲ್ಲೇ ಇರುತ್ತೆ.

"ಗಲಾಟೆ ಮಾಡಿದ್ರೂನಾ?"

"ಮಾಡಿದ್ರೂ ಇಲ್ಲಿಗೇ."

"ಆಮೇಲೆ?"

'ಯಾವಾಗಲೂ ಇಲ್ಲೇ' ಅನ್ನುವುದು ಎಷ್ಟು ಸುಲಭ! ಆದರೆ ಇದು ದತ್ತು ಅಲ್ಲ, ಫಾಸ್ಟರ್ ಕೇರ್. ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇರುವವರೆಗೆ. 2024ರ ಮಾರ್ಗಸೂಚಿ ಬಂದ ಮೇಲೆ 5 ವರ್ಷದ ಬದಲು 2 ವರ್ಷ ಸಾಕಿದರೆ ದತ್ತು ಕೇಳಬಹುದಂತಲ್ಲ ಅಂತ ನೆಂಟರು ಫೋನ್ ಮಾಡುತ್ತಾರೆ. ಅದು ದತ್ತು ಕೊಡಬಹುದು ಎಂದು ಸಮಿತಿ ಘೋಷಿಸಿದ ಮಕ್ಕಳಿಗೆ ಮಾತ್ರ. ಪುಟ್ಟಿಗೆ ಅಮ್ಮ ಇದ್ದಾರೆ. ಚಿಕಿತ್ಸೆ ನಡೀತಿದೆ, ಹುಷಾರಾಗುತ್ತಿದ್ದಾರೆ. ಹುಷಾರಾಗಲಿ ಅಂತಲೇ ನಾನೂ ಬೇಡಿಕೊಳ್ಳುತ್ತೇನೆ.

ದೊಡ್ಡವರ ಸುಳ್ಳು ಭರವಸೆ ಅವಳು ಬೇಕಾದಷ್ಟು ಕೇಳಿದ್ದಾಳೆ. ನನ್ನ ಕೈಲಿ ಆಗುವುದನ್ನಷ್ಟೇ ಹೇಳಿದೆ. "ಎಲ್ಲಿಗೇ ಹೋಗೋದಿದ್ರೂ, ನಂಗೆ ಗೊತ್ತಾದ ದಿನಾನೇ ನಿಂಗೂ ಹೇಳ್ತೀನಿ."

ತುಂಬಾ ಹೊತ್ತು ಯೋಚನೆ ಮಾಡಿದಳು. ಆಮೇಲೆ ಹಸಿರು ಲಂಗ ಸೂಟ್‌ಕೇಸಿಗೆ, ಉಳಿದದ್ದೆಲ್ಲ ಬೀರುವಿಗೆ. ಅತ್ತೆ ಏನೂ ಮಾತಾಡದೆ ಮಡಚಿಕೊಟ್ಟರು.

ಮುಂದಿನ ವಾರ ಅಮ್ಮನ ಭೇಟಿ ಇದೆ. ಭೇಟಿಯಾದ ರಾತ್ರಿ ಇವಳು ಊಟ ಮಾಡುವುದಿಲ್ಲ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹಾಗಂತ ಭೇಟಿ ಕಮ್ಮಿ ಮಾಡಿ ಅಂತ ಕೇಳುವುದಕ್ಕಾಗುತ್ತಾ? ಆ ದಿನಕ್ಕೇ ಅಲ್ವಾ ಇವಳು ಕಾಯುವುದು. ವಾಪಸ್ ಬರುವಾಗ ಅಮ್ಮನೇ ಆಟೋ ತನಕ ಬಂದು, ಮತ್ತೆ ಯಾವಾಗ ಸಿಗೋದು ಅಂತ ಇವಳಿಗೆ ಹೇಳಿ ಕಳಿಸಿದರೆ ಏನಾದರೂ ಸುಲಭವಾಗುತ್ತೋ ಏನೋ, ಮೇಡಂ ಹತ್ತಿರ ಸೋಮವಾರ ಕೇಳಬೇಕು.