217ರ ಲೆಕ್ಕ

ನನ್ನ ಅಕ್ಕನ ಮಗ ಪೋಲೆಂಡಿನ ಕ್ರಾಕುಫ್ ನಗರದಲ್ಲಿ ಓದುತ್ತಿದ್ದಾನೆ. ವಾರಕ್ಕೊಮ್ಮೆ ಫೋನ್ ಮಾಡುವ ಅವನು, ಚಳಿ ಮತ್ತು ಮನೆ ಬಾಡಿಗೆಯ ಮಾತು ಮುಗಿದ ಮೇಲೆ ಒಂದು ದಿನ, "ಮಾವ, ಇಲ್ಲಿ ಎಂ.ಪಿ. ಪಕ್ಷ ಬಿಟ್ರೂ ಸೀಟು ಹೋಗಲ್ವಂತೆ, ಗೊತ್ತಾ?" ಎಂದು ಕೇಳಿದ. ಚಿಕ್ಕಬಳ್ಳಾಪುರದವನು ಕೇಳಬೇಕಾದ ಪ್ರಶ್ನೆಯೇ ಅದು. 2019ರ ಜುಲೈನಲ್ಲಿ ನಮ್ಮ ಶಾಸಕರೂ ಸೇರಿದಂತೆ 17 ಜನರನ್ನು ಅನರ್ಹಗೊಳಿಸಿದ ಸಭಾಧ್ಯಕ್ಷ ರಮೇಶ್ ಕುಮಾರ್ ಅವರು ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು ನಾವು ಉಪಚುನಾವಣೆಯ ಸಾಲಿನಲ್ಲಿ ನಿಂತೆವು, ಡಾ. ಸುಧಾಕರ್ ಅವರು ಈ ಸಲ ಕಮಲದ ಗುರುತಿನಿಂದ ಗೆದ್ದರು. ನಮ್ಮ ಬೀದಿಯ ಕೊನೆಯ ಗೋಡೆಯ ಮೇಲಿದ್ದ ಕೈ ಗುರುತಿಗೆ ಆಗ ಒಂದೇ ಕೋಟು ಸುಣ್ಣ ಬಳಿದಿದ್ದರು. ಕಮಲದ ಎಸಳುಗಳ ನಡುವಿನಿಂದ ಐದು ಬೆರಳು ಬಹಳ ದಿನ ಮಸುಕಾಗಿ ಕಾಣುತ್ತಿದ್ದವು.

ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನಾದ್ದರಿಂದ ಸೋದರಳಿಯನ ಮಾತನ್ನು ಹಾಗೆಯೇ ಬಿಡಲಾಗಲಿಲ್ಲ. ಓದುತ್ತ ಹೋದಂತೆ ಕ್ರಾಕುಫ್‌ನವರೇ ಆದ ಯಾರೊಸ್ವಾವ್ ಗೋವಿನ್ ಎಂಬ ರಾಜಕಾರಣಿ ಸಿಕ್ಕರು. 1961ರಲ್ಲಿ ಹುಟ್ಟಿದ ಗೋವಿನ್ ತತ್ತ್ವಶಾಸ್ತ್ರ ಓದಿದವರು, ಕ್ಯಾಥೊಲಿಕ್ ಚಿಂತನೆಯ 'ಜ್ನಾಕ್' ಮಾಸಪತ್ರಿಕೆಗೆ 1994ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಪಾದಕರಾಗಿದ್ದವರು. ಜ್ನಾಕ್ ಎಂದರೆ ಪೋಲಿಷ್ ಭಾಷೆಯಲ್ಲಿ ಚಿಹ್ನೆ. ಚುನಾವಣಾ ಚಿಹ್ನೆ ನೋಡಿ ಮತ ಹಾಕುವ ನಾಡಿನವನಾದ ನನಗೆ ಇದನ್ನು ಓದಿದಾಗ ನಗು ಬಂತು.

2005ರಲ್ಲಿ ಅವರು ಡೊನಾಲ್ಡ್ ಟುಸ್ಕ್ ಅವರ 'ನಾಗರಿಕ ವೇದಿಕೆ' ಪಕ್ಷದಿಂದ ಮೇಲ್ಮನೆಗೆ ಬಂದರು, 2007ರಲ್ಲಿ ಸೇಯ್ಮ್ ಎಂದು ಕರೆಯುವ ಕೆಳಮನೆಗೆ. ಟುಸ್ಕ್ ಪ್ರಧಾನಿಯಾಗಿದ್ದ 2011ರಲ್ಲಿ, ವಕೀಲರಲ್ಲದಿದ್ದರೂ, ನ್ಯಾಯ ಸಚಿವರಾದರು. ಮಾರುಕಟ್ಟೆಯ ವಿಷಯದಲ್ಲಿ ಉದಾರವಾದಿಯಾದ ಅವರು ಹಲವಾರು ವೃತ್ತಿಗಳಿಗೆ ಇದ್ದ ಪರವಾನಗಿ, ಪರೀಕ್ಷೆಗಳ ಬಿಗಿಯನ್ನು ಸಡಿಲಿಸಿದರು. ಆದರೆ ಧರ್ಮ ಮತ್ತು ಕುಟುಂಬದ ಪ್ರಶ್ನೆ ಬಂದಾಗ ಸಂಪ್ರದಾಯದ ಪಕ್ಕದಲ್ಲೇ ನಿಲ್ಲುತ್ತಿದ್ದರು. ವಿವಾಹವಿಲ್ಲದೆ ಕೂಡಿ ಬಾಳುವವರಿಗೆ ಮಾನ್ಯತೆ ಕೊಡುವ ಮಸೂದೆಗಳನ್ನು 2013ರ ಆರಂಭದಲ್ಲಿ, ಸಚಿವರಾಗಿದ್ದುಕೊಂಡೇ ವಿರೋಧಿಸಿದರು. ಅದೇ ವರ್ಷ ಸಚಿವ ಸ್ಥಾನ ಹೋಯಿತು, ಪಕ್ಷದ ನಾಯಕತ್ವಕ್ಕಾಗಿ ಟುಸ್ಕ್ ಎದುರು ನಿಂತು ಸೋತರು, ಸೆಪ್ಟೆಂಬರ್‌ನಲ್ಲಿ ಪಕ್ಷ ಬಿಟ್ಟರು, ಡಿಸೆಂಬರ್‌ನಲ್ಲಿ 'ಪೋಲ್ಸ್ಕಾ ರಾಜೆಮ್' ಎಂಬ ಸ್ವಂತ ಪಕ್ಷ ಕಟ್ಟಿದರು. ಸೇಯ್ಮ್ ಸದಸ್ಯತ್ವ ಮಾತ್ರ ಹಾಗೆಯೇ ಉಳಿಯಿತು. ಅಲ್ಲಿನ ಸಂವಿಧಾನದ 104ನೆಯ ವಿಧಿಯ ಪ್ರಕಾರ ಸದಸ್ಯರು ಇಡೀ ರಾಷ್ಟ್ರದ ಪ್ರತಿನಿಧಿಗಳು, ಮತದಾರರ ಸೂಚನೆಗಳಿಗೂ ಬದ್ಧರಲ್ಲ. ಹಾಗಿರುವಾಗ ಪಕ್ಷದ ವಿಪ್‌ಗೆ ಸದಸ್ಯತ್ವ ಕಳೆಯುವ ಶಕ್ತಿ ಬರುವುದೆಲ್ಲಿಂದ?

ಆದರೆ ಕಾನೂನು ಕಟ್ಟದ ಬೇಲಿಯನ್ನು ಅಲ್ಲಿ ಚುನಾವಣಾ ಪದ್ಧತಿ ಕಟ್ಟಿದೆ. ದೇಶದಾದ್ಯಂತ ಶೇ. 5ರಷ್ಟು ಮತ ಪಡೆಯದ ಪಕ್ಷಕ್ಕೆ ಸೇಯ್ಮ್‌ನಲ್ಲಿ ಜಾಗವಿಲ್ಲ. ಯುರೋಪಿಯನ್ ಸಂಸತ್ತಿನ ಚುನಾವಣೆಗೂ ಇದೇ ಮಿತಿ. 2014ರ ಮೇ ತಿಂಗಳಲ್ಲಿ ಆ ಚುನಾವಣೆ ನಡೆದಾಗ ಗೋವಿನ್ ಪಕ್ಷಕ್ಕೆ ಬಿದ್ದದ್ದು ಶೇ. 3ರ ಆಸುಪಾಸು. ಎರಡೇ ತಿಂಗಳಲ್ಲಿ ಅವರು ಟುಸ್ಕ್ ಅವರ ಬದ್ಧ ಎದುರಾಳಿ, 'ಕಾನೂನು ಮತ್ತು ನ್ಯಾಯ' ಪಕ್ಷದ ಯಾರೊಸ್ವಾವ್ ಕಚಿನ್‌ಸ್ಕಿ ಅವರೊಡನೆ ಕೈಜೋಡಿಸಿದರು. ಅಂದಿನಿಂದ ಅವರ ಜನ ಸ್ಪರ್ಧಿಸಿದ್ದು ಕಚಿನ್‌ಸ್ಕಿಯವರ ಪಟ್ಟಿಯಲ್ಲೇ. 2015ರಲ್ಲಿ ಗೋವಿನ್ ಉಪಪ್ರಧಾನಿ ಮತ್ತು ಉನ್ನತ ಶಿಕ್ಷಣ ಸಚಿವರಾದರು, 2017ರಲ್ಲಿ ತಮ್ಮ ಪಕ್ಷಕ್ಕೆ 'ಪೊರೊಜುಮ್ಯೆನ್ಯೆ', ಅಂದರೆ ಒಡಂಬಡಿಕೆ, ಎಂಬ ಹೊಸ ಹೆಸರಿಟ್ಟರು. ನ್ಯಾಯಾಂಗವನ್ನು ಸರ್ಕಾರದ ಹಿಡಿತಕ್ಕೆ ತರುವವೆಂದು ಯುರೋಪಿನಾದ್ಯಂತ ಟೀಕೆಗೊಳಗಾದ ಮಸೂದೆಗಳಿಗೆ, ಒಂದು ಕಾಲದ ಈ ನ್ಯಾಯ ಸಚಿವರು ತಮ್ಮ ಮತವನ್ನೂ ಕೊಟ್ಟರು. ಅವರ ಬದುಕಿನ ಈ ಭಾಗಕ್ಕೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ.

2020ರ ಕತೆ ಬೇರೆ. ಅದನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಸೇಯ್ಮ್‌ನ ಒಟ್ಟು ಸ್ಥಾನ 460, ಬಹುಮತಕ್ಕೆ ಬೇಕಾದದ್ದು 231, 2019ರಲ್ಲಿ ಆಡಳಿತ ಕೂಟ ಗೆದ್ದದ್ದು 235. ಅದರಲ್ಲಿ ಗೋವಿನ್ ಅವರ ಕಡೆಯವರು 18. ಕಳೆದರೆ ಉಳಿಯುವುದು 217. ಕೊರೊನಾ ಏರುತ್ತಿದ್ದ ಹೊತ್ತಿನಲ್ಲಿ ಮೇ 10ರ ಅಧ್ಯಕ್ಷೀಯ ಚುನಾವಣೆಯನ್ನು ಪೂರ್ತಿಯಾಗಿ ಅಂಚೆಯ ಮೂಲಕವೇ ನಡೆಸಿಬಿಡಬೇಕೆಂದು ಕಚಿನ್‌ಸ್ಕಿ ಹಟ ಹಿಡಿದರು. ಗೋವಿನ್ ಅದನ್ನು ಮುಂದೂಡಬೇಕೆಂದು ಪಟ್ಟು ಹಿಡಿದು, ಏಪ್ರಿಲ್ 6ರಂದು ಉಪಪ್ರಧಾನಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮೇಲ್ಮನೆಯಲ್ಲಿ ಆಡಳಿತ ಕೂಟಕ್ಕೆ ಬಹುಮತವಿರಲಿಲ್ಲವಾದ್ದರಿಂದ ಅಂಚೆ ಮತದಾನದ ಮಸೂದೆ ತಿರಸ್ಕೃತವಾಗಿ ಸೇಯ್ಮ್‌ಗೆ ಹಿಂತಿರುಗುವುದು ಖಚಿತವಿತ್ತು. ಆಗ ಗೋವಿನ್ ಬೆನ್ನಿಗೆ ಕೆಲವರು ನಿಂತರೂ ಸಾಕು, ಆ ತಿರಸ್ಕಾರವನ್ನು ತಳ್ಳಿಹಾಕಲು ಸರ್ಕಾರದ ಬಳಿ ಮತಗಳಿರುತ್ತಿರಲಿಲ್ಲ. ಹದಿನೆಂಟೂ ಜನ ನಿಲ್ಲುವಂತಿರಲಿಲ್ಲ ಎಂಬುದೂ ನಿಜ: ಗೋವಿನ್ ತೆರವು ಮಾಡಿದ ಉಪಪ್ರಧಾನಿ ಕುರ್ಚಿಯಲ್ಲಿ ಕೂತವರು ಅವರದೇ ಪಕ್ಷದ ಯಾದ್ವಿಗಾ ಎಮಿಲೆವಿಚ್. ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಕಷ್ಟ ನಮ್ಮವರಿಗಷ್ಟೇ ಇರುವುದಲ್ಲ.

ಮೇ 6ರ ಸಂಜೆ ಇಬ್ಬರು ಯಾರೊಸ್ವಾವ್‌ಗಳೂ ಜಂಟಿ ಹೇಳಿಕೆ ಕೊಟ್ಟರು. ಗೋವಿನ್ ಕಡೆಯವರು ಮಸೂದೆಯ ಪರ ಮತ ಹಾಕುವುದು, ಆದರೆ ಮೇ 10ರಂದು ಮತದಾನ ನಡೆಯದಿರುವುದು ಎಂದಾಯಿತು. ಮತಪತ್ರಗಳು ಆಗಲೇ ಅಚ್ಚಾಗಿದ್ದವು, ಅಲ್ಲಿನ ಹಣದಲ್ಲಿ ಸುಮಾರು 7 ಕೋಟಿ ಜ್ವಾತಿ ಖರ್ಚಾಗಿತ್ತು. ಆ ಭಾನುವಾರ ಒಂದೇ ಒಂದು ಮತಗಟ್ಟೆಯ ಬಾಗಿಲೂ ತೆರೆಯಲಿಲ್ಲ. ಜೂನ್ 28 ಮತ್ತು ಜುಲೈ 12ರಂದು, ಮುಖ್ಯವಾಗಿ ಮತಗಟ್ಟೆಗಳಲ್ಲಿ, ಎರಡು ಸುತ್ತಿನ ಚುನಾವಣೆ ನಡೆದು ಆಂಡ್ಜೆಯ್ ದೂದಾ ಶೇ. 51ರಷ್ಟು ಮತ ಪಡೆದು ಗೆದ್ದರು.

ನಮ್ಮ ಸಂವಿಧಾನದ ಹತ್ತನೆಯ ಅನುಸೂಚಿ, ಎಂದರೆ ಪಕ್ಷಾಂತರ ನಿಷೇಧ ಕಾನೂನು, ಅಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಿಸಿದೆ. ಆ 18 ಮಂದಿಯೂ ಕಚಿನ್‌ಸ್ಕಿಯವರ ಪಟ್ಟಿಯಿಂದ ಗೆದ್ದವರಾದ್ದರಿಂದ ವಿಪ್ ಮೀರಿದರೆ ಅನರ್ಹರಾಗಿ ಸ್ಥಾನ ಕಳೆದುಕೊಳ್ಳಬಹುದಿತ್ತು. ವಿಲೀನದ ಹೆಸರಿನಲ್ಲಿ ಪಾರಾಗಬೇಕಾದರೆ 235ರ ಮೂರನೆಯ ಎರಡು ಭಾಗ, ಎಂದರೆ 157 ಜನ ಬೇಕಾಗುತ್ತಿತ್ತು. 1985ರಲ್ಲಿ ನಾವು ಈ ಕಾನೂನು ತಂದದ್ದು ಆಯಾರಾಮ್ ಗಯಾರಾಮ್‌ಗಳ ಕಾಟ ತಡೆಯಲಾರದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕುರ್ಚಿಗಾಗಿ ಜಿಗಿಯುವವನನ್ನೂ, ಒಂದು ಮಸೂದೆಗಾಗಿ ತಲೆ ಅಡ್ಡ ಆಡಿಸುವವನನ್ನೂ ಅದು ಒಂದೇ ಹಗ್ಗದಲ್ಲಿ ಕಟ್ಟುತ್ತದೆಂದು ಇಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಮತ್ತೆ ಉಪಪ್ರಧಾನಿಯಾದ ಗೋವಿನ್, ತೆರಿಗೆ ಬದಲಾವಣೆ ಮತ್ತು ಮಾಧ್ಯಮ ಕಾನೂನುಗಳನ್ನು ವಿರೋಧಿಸಿ 2021ರ ಆಗಸ್ಟ್‌ನಲ್ಲಿ ವಜಾಗೊಂಡರು. ಜೊತೆಗೆ ಹೊರಬಂದವರು ಬೆರಳೆಣಿಕೆಯಷ್ಟು, ಸರ್ಕಾರ ಬೀಳಲಿಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆದುದನ್ನು ಮುಂದೆ ತಾವೇ ಬಹಿರಂಗವಾಗಿ ಹೇಳಿಕೊಂಡರು. 2022ರ ಕೊನೆಗೆ ಪಕ್ಷದ ಅಧ್ಯಕ್ಷತೆ ಬಿಟ್ಟು, 2023ರ ಚುನಾವಣೆಯಿಂದ ದೂರ ಉಳಿದರು. ಆ ಚುನಾವಣೆಯ ನಂತರ ಟುಸ್ಕ್ ಮತ್ತೆ ಪ್ರಧಾನಿಯಾದರು.

ತರಗತಿಯಲ್ಲಿ ಅವರ ಪಕ್ಷಾಂತರಗಳನ್ನು ಹಲಗೆಯ ಎಡಗಡೆ ಇಸವಿ, ಬಲಗಡೆ ಪಕ್ಷ ಎಂದು ಗೆರೆ ಎಳೆದು ಬರೆದಿದ್ದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, 2020 ಏಪ್ರಿಲ್‌ನಲ್ಲಿ ಅವರು ಪಕ್ಷಾನೇ ಬಿಡ್ಲಿಲ್ವಲ್ಲ, ಅದನ್ನ ಎಲ್ಲಿ ಬರ್ಕೊಳ್ಳೋದು?" ಎಂದಳು. ಹಲಗೆ ನೋಡಿದೆ. ಎರಡೂ ಅಂಕಣಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಗೆರೆಯಿಂದ ಆಚೆ, ಹಲಗೆಯ ಅಂಚಿನಲ್ಲಿ ಬರೆದೆ.