ಕುರುವಾಯಿ ಹುಟ್ಟುವುದು ನಮ್ಮ ಗೊಬ್ಬರದ ಗುಂಡಿಯಲ್ಲೇ

ಆರು ವರ್ಷ ನೀರು ಹೊತ್ತು ಬೆಳೆಸಿದ ತೆಂಗಿನ ಗಿಡ, ಈ ಮಳೆಗಾಲದಲ್ಲಿ ಎರಡು ಹೋದವು. ಹೊಟ್ಟೆ ಉರಿಯುತ್ತದೆ.

ಮೊದಲು ಹೊಸ ಸೋಗೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಂಡಿತ್ತು. ಕುರುವಾಯಿ ಅಂದರೆ ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿ, ಅದು ಸುಳಿಯೊಳಗೆ ಮಡಚಿಕೊಂಡಿರುವ ಎಲೆಯನ್ನೇ ಕೊರೆಯುತ್ತದೆ, ಎಲೆ ಬಿಚ್ಚಿಕೊಂಡಾಗ ಆ ಆಕಾರ ಬರುತ್ತದೆ. ಅಂದರೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ದುಂಬಿ ತಿಂದು ಎಷ್ಟೋ ದಿನ ಆಗಿರುತ್ತದೆ. ನಾನು ಸುಮ್ನೆ ಬಿಟ್ಟೆ. ಆ ಗಾಯದ ವಾಸನೆಗೆ ಕೆಂಪುಮೂತಿ ಹುಳ, ಅಂದರೆ ಕಾಂಡದೊಳಗೆ ಮರಿ ಮಾಡುವ ಇನ್ನೊಂದು ಕೀಟ, ಬಂದು ಮೊಟ್ಟೆಯಿಟ್ಟಿತು. ಕಾಂಡದ ತೂತಿನಿಂದ ಕಂದು ರಸ ಇಳಿಯುತ್ತಿತ್ತು, ಕಿವಿ ಇಟ್ಟರೆ ಒಳಗೆ ಕರಕರ ಅಗಿಯುವ ಸದ್ದು. ಆಗ ಕೈಮೀರಿತ್ತು.

ಸುಳಿಗೆ ವಿಷ ಸುರಿ ಅಂತ ಒಬ್ಬರು ಹೇಳಿದರು. ನನ್ನಿಂದ ಆಗಲಿಲ್ಲ. ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ. ಗೇರು ಗಿಡದ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು, ಅದರ ನೋವು ಇನ್ನೂ ಹೊತ್ತಿರುವ ಮನೆಗಳ ಮುಂದೆಯೇ ನಾನು ದಿನಾ ಪೇಟೆಗೆ ಹೋಗುವುದು.

"ಮರ ನೋಡಿದ್ದು ಸಾಕು, ಗೊಬ್ಬರದ ಗುಂಡಿ ನೋಡು" ಅಂದರು ಅಮ್ಮ. ಹಾರೆಯಲ್ಲಿ ಮಗುಚಿದೆ. ಹೆಬ್ಬೆರಳು ದಪ್ಪದ ಬಿಳಿ ಹುಳಗಳು, ಕಂದು ತಲೆ, ಕೊಕ್ಕೆಯ ಹಾಗೆ ಮುದುಡಿಕೊಂಡು ಮಲಗಿದ್ದವು. ಬಕೆಟಿನ ತಳ ಮುಚ್ಚುವಷ್ಟು ಸಿಕ್ಕಿದವು! ನನ್ನ ಗಿಡ ತಿಂದ ದುಂಬಿಯನ್ನು ಹಟ್ಟಿಯ ಪಕ್ಕ ನಾನೇ ಸಾಕುತ್ತಿದ್ದೆ ಅಲ್ವಾ? ಎಲ್ಲ ಕೋಳಿಗೆ ಹಾಕಿದೆ. ಗುಂಡಿಗೆ ಮೆಟಾರೈಜಿಯಂ ಅನ್ನುವ ಹಸಿರು ಶಿಲೀಂಧ್ರ ಕಲಸಿ ಹಾಕಿದ್ದೇನೆ. ಇದು ತಗುಲಿದ ಹುಳ ಸತ್ತು ಗಟ್ಟಿಯಾಗಿ, ಮೈಮೇಲೆ ಹಸಿರು ಬೂಷ್ಟು ಬರುತ್ತದೆ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಕ್ರಮವೇ ಇದು.

ಉಳಿದ ಗಿಡಗಳ ಸುಳಿಯ ಪಕ್ಕದ ಎಲೆಬುಡಗಳಲ್ಲಿ ಮೂರು-ನಾಲ್ಕು ನುಸಿಗುಳಿಗೆ (ನಾಫ್ತಲೀನ್ ಗುಳಿಗೆ) ಇಟ್ಟು ಮೇಲೆ ಮರಳು ಮುಚ್ಚಿದ್ದೇನೆ. 45 ದಿನಕ್ಕೊಮ್ಮೆ ಹೊಸದು ಇಡಬೇಕು. ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ತುಂಬಿದರೂ ಆಗುತ್ತದೆ. ಹಸಿ ಮಡಲು (ಸೋಗೆ) ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕಡಿ ಬಿಟ್ಟು ಕಡಿಯಿರಿ, ಬುಡಕ್ಕೇ ಕತ್ತಿ ಹಾಕಿದರೆ ಕೆಂಪುಮೂತಿಗೆ ಬಾಗಿಲು ತೆರೆದಂತೆ.

ಆಚೆ ಮನೆಯ ಮಾವನ ತೋಟದಲ್ಲಿ ಹೋದ ವರ್ಷ ಬಿದ್ದ ತೆಂಗಿನ ಮರ ಹಾಗೇ ಕೊಳೆಯುತ್ತಿದೆ. ಅದರೊಳಗೂ ಕುರುವಾಯಿ ಮರಿ ಮಾಡುತ್ತದೆ. ನಿನ್ನೆ ಹೋಗಿ ಹೇಳಿದೆ, ಒಪ್ಪಿದ್ದಾರೆ. ಭಾನುವಾರ ಇಬ್ಬರೂ ಸೇರಿ ಸೀಳಿ ಸುಡುತ್ತೇವೆ.