ಅಡಿಕೆ ಸೋಗೆ ಹಳದಿಯಾದರೆ ಯಾವ ಕಾಲೇಜಿಗೆ ಹೋಗಬೇಕು?

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: 'ಅಗ್ರಿ ಸಿಕ್ಕಿದ್ರೆ ಸಾಕು.' ತೋಟ ಇದೆ, ಗದ್ದೆ ಇದೆ, ಹಾಗಾಗಿ ಮಗ ಅಥವಾ ಮಗಳು ಕೃಷಿ ಓದಲಿ ಎಂಬ ಆಸೆ ಸಹಜ. ಆದರೆ ಕೃಷಿ ವಿಶ್ವವಿದ್ಯಾಲಯ ಎಂದರೆ ಬಿಎಸ್ಸಿ ಕೃಷಿ ಒಂದೇ ಅಲ್ಲ. ಮನೆಯಲ್ಲಿರುವುದು ಅಡಿಕೆ, ಕಾಳುಮೆಣಸು, ಏಲಕ್ಕಿ, ತೋಟಕ್ಕೆ ಸೊಪ್ಪು ತರುವ ಒಂದಷ್ಟು ಬೆಟ್ಟ. ಹಾಗಿದ್ದಾಗ ಕೃಷಿ ಪದವಿಯೊಂದನ್ನೇ ನೆಚ್ಚಿಕೊಂಡು ತೋಟಗಾರಿಕೆ, ಅರಣ್ಯ ಪದವಿಗಳ ಕಡೆ ತಿರುಗಿಯೂ ನೋಡದಿರುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಂದು ಗೊಂದಲ ಕಳೆಯೋಣ. ಶಿವಮೊಗ್ಗದಲ್ಲಿ ಕಾಲೇಜು ಇದೆ ಎಂದಮಾತ್ರಕ್ಕೆ ಅದು ಕುವೆಂಪು ವಿಶ್ವವಿದ್ಯಾಲಯದ್ದು ಆಗಬೇಕಿಲ್ಲ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಅಲ್ಲಿ ನಡೆಯುವುದು ಮುಖ್ಯವಾಗಿ ಸ್ನಾತಕೋತ್ತರ ಓದು. ಬಿಎ, ಬಿಎಸ್ಸಿ, ಬಿಕಾಂ ಓದುವವರು ಸಹ್ಯಾದ್ರಿಯಂಥ ಘಟಕ ಕಾಲೇಜುಗಳಿಗೆ ಇಲ್ಲವೇ ಸಂಯೋಜಿತ ಕಾಲೇಜುಗಳಿಗೆ ಸೇರಬೇಕು. ಪಶುವೈದ್ಯಕೀಯ ಕಾಲೇಜು ಬೀದರಿನ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದೆ, ವೈದ್ಯಕೀಯ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಕಾನೂನು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ. ಶಿರಸಿಯಲ್ಲಂತೂ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದಾದರೆ ತೋಟಗಾರಿಕಾ ಕಾಲೇಜು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ್ದು. ಊರು ಒಂದೇ, ಅಂಕಪಟ್ಟಿ ಕೊಡುವವರು ಬೇರೆ ಬೇರೆ.

ನಮ್ಮ ಭಾಗಕ್ಕೆ 2012ರಲ್ಲಿ ಬಂದದ್ದು ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ. ಈಗ ಅದಕ್ಕೆ ಕೆಳದಿ ಶಿವಪ್ಪ ನಾಯಕರ ಹೆಸರಿದೆ, ಕೇಂದ್ರ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಕೃಷಿ ಕಾಲೇಜು ಶಿವಮೊಗ್ಗದ ನವಿಲೆಯಲ್ಲಿ, ತೋಟಗಾರಿಕಾ ಕಾಲೇಜು ಮೂಡಿಗೆರೆಯಲ್ಲಿ, ಅರಣ್ಯ ಕಾಲೇಜು ಕೊಡಗಿನ ಪೊನ್ನಂಪೇಟೆಯಲ್ಲಿ. ಮೂರೂ ನಾಲ್ಕು ವರ್ಷದ ಬಿಎಸ್ಸಿ ಆನರ್ಸ್ ಪದವಿಗಳು.

ಇವುಗಳೊಳಗಿನ ವಿಭಾಗಗಳು ಏನು ಮಾಡುತ್ತವೆ ಎಂದು ತಿಳಿಯಲು ತೋಟದಲ್ಲಿ ಹಳದಿಯಾದ ಒಂದು ಅಡಿಕೆ ಮರದ ಬುಡಕ್ಕೆ ಹೋದರೆ ಸಾಕು. ಸೋಗೆ ಹಳದಿಯಾಗಲು ಕಾರಣ ಒಂದೇ ಅಲ್ಲ. ಬುಡ ಅಗೆದಾಗ ಬಿಳಿ ಗೊಣ್ಣೆಹುಳ ಸಿಕ್ಕಿ, ಎಳೆಬೇರು ತಿಂದುಹೋಗಿದ್ದರೆ ಅದು ಬೇರುಹುಳ. ಕೀಟಶಾಸ್ತ್ರದವರ ಕೆಲಸ. ಅದರ ದುಂಬಿ ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆಯಲ್ಲಿ ಮಣ್ಣಿನಿಂದ ಮೇಲೇಳುತ್ತದೆ. ಆ ದಿನಗಳಲ್ಲಿ ದುಂಬಿ ಹಿಡಿದು ಕೊಲ್ಲುವುದಕ್ಕೂ ಮರಿಹುಳು ಎಳೆಯದಾಗಿರುವಾಗಲೇ ಔಷಧಿ ಕೊಡುವುದಕ್ಕೂ ಬೆಲೆಯಿದೆ. ಹುಳು ಬಲಿತ ಮೇಲೆ ಸುರಿದ ಔಷಧಿ ಹೆಚ್ಚಿನಂಶ ವ್ಯರ್ಥ.

ಹುಳು ಇಲ್ಲ, ಆದರೆ ಬೇರು ಕಪ್ಪಾಗಿ ಬುಡದಲ್ಲಿ ನೀರು ನಿಂತಿದೆ ಎಂದರೆ ಬಸಿಗಾಲುವೆ ಹೂಳು ತುಂಬಿದೆ ಎಂದರ್ಥ. ಬೇರಿಗೆ ಗಾಳಿಯಿಲ್ಲ. ಬಸಿಗಾಲುವೆಯ ಆಳ, ಇಳಿಜಾರು ಲೆಕ್ಕ ಹಾಕುವುದು ಮಣ್ಣು ಮತ್ತು ನೀರು ಸಂರಕ್ಷಣೆಯ ಎಂಜಿನಿಯರಿಂಗ್. ನೀರು ಸರಿಯಾಗಿ ಬಸಿಯುತ್ತಿದ್ದರೂ ಹಳದಿ ಹೋಗಲಿಲ್ಲವೆಂದರೆ ಮಣ್ಣು ಪರೀಕ್ಷೆಗೆ ಹೋಗಬೇಕು. ಮಲೆನಾಡಿನ ಮಳೆ ಮಣ್ಣಿನ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುವುದರಿಂದ ನಮ್ಮ ಮಣ್ಣು ಹುಳಿ (ಆಮ್ಲೀಯ). ಇದು ಮಣ್ಣು ವಿಜ್ಞಾನದ ವಿಷಯ. ತೋಟದ ಎಂಟು ಹತ್ತು ಕಡೆ ಮಣ್ಣು ತೆಗೆದು, ಬೆರೆಸಿ, ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕೆಜಿ ಉಳಿಯುವವರೆಗೆ ಇದನ್ನೇ ಮಾಡಬೇಕು. ಗೊಬ್ಬರ ಹಾಕಿದ ಜಾಗದ ಹಿಡಿ ಮಣ್ಣನ್ನು ಕವರಿಗೆ ತುಂಬಿ ತಂದರೆ ಬರುವ ವರದಿ ಆ ಗೊಬ್ಬರದ್ದೇ ಹೊರತು ತೋಟದ್ದಲ್ಲ.

ನಾಲ್ಕನೆಯದು ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ಬರಿದು ಮಾಡಿದ ಹಳದಿ ಎಲೆ ರೋಗ. ಕೆಳಸುತ್ತಿನ ಸೋಗೆಗಳ ತುದಿಯಿಂದ ಹಳದಿ ಶುರುವಾಗುತ್ತದೆ, ಅಡಿಕೆಯ ಒಳತಿರುಳು ಕಪ್ಪಾಗಿ ಮೆತ್ತಗಾಗುತ್ತದೆ. ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ಜಿಗಿಹುಳು. ಔಷಧಿಯಿಂದ ವಾಸಿಯಾಗುವ ರೋಗವಲ್ಲ. ಇಲ್ಲಿ ಸಸ್ಯರೋಗಶಾಸ್ತ್ರ ರೋಗವನ್ನು ಗುರುತಿಸುತ್ತದೆ, ಅದನ್ನು ಹರಡುವ ಹುಳುವಿನ ಬೆನ್ನು ಹತ್ತುವುದು ಕೀಟಶಾಸ್ತ್ರ. ರೋಗದ ತೋಟದಲ್ಲೂ ಹಸಿರಾಗಿ ನಿಂತ ಮರದ ಬೀಜ ತಂದು ತಳಿ ಬೆಳೆಸುವ ಕೆಲಸ ತಳಿ ಅಭಿವೃದ್ಧಿ ವಿಭಾಗದ್ದು. ನಾಲ್ಕೂ ಕಾರಣ ದೂರದಿಂದ ಕಾಣುವುದು ಒಂದೇ ಥರ. ಬೇರುಹುಳದ ತೋಟಕ್ಕೆ ಹಳದಿ ರೋಗವೆಂದು ಹೆದರಿ ಮರ ಕಡಿದವರೂ ಇದ್ದಾರೆ, ರೋಗದ ತೋಟಕ್ಕೆ ವರ್ಷಗಟ್ಟಲೆ ಗೊಬ್ಬರ ಸುರಿದವರೂ ಇದ್ದಾರೆ. ಒಂದು ವಿಭಾಗ ಓದಿದವರಿಗೆ ಉಳಿದವುಗಳ ಪರಿಚಯವೂ ಇರಬೇಕೆಂದು ಪದವಿಯಲ್ಲಿ ಎಲ್ಲವನ್ನೂ ಓದಿಸುತ್ತಾರೆ. ಒಂದನ್ನೇ ಆರಿಸಿಕೊಳ್ಳುವುದು ಎಂಎಸ್ಸಿಯಲ್ಲಿ.

ಹಾಗಾದರೆ ಕೃಷಿ, ತೋಟಗಾರಿಕೆಗೆ ವ್ಯತ್ಯಾಸವೇನು? ಕೃಷಿಯಲ್ಲಿ ಒತ್ತು ಭತ್ತ, ಜೋಳ, ರಾಗಿ, ದ್ವಿದಳ, ಎಣ್ಣೆಕಾಳಿನ ಮೇಲೆ. ಅಡಿಕೆ ಅಲ್ಲಿ ತೋಟಗಾರಿಕೆಯ ಕೆಲವೇ ಕೋರ್ಸುಗಳಲ್ಲಿ ಬಂದುಹೋಗುತ್ತದೆ. ತೋಟಗಾರಿಕೆಯಲ್ಲಿ ಪ್ಲಾಂಟೇಷನ್ ಬೆಳೆ, ಸಾಂಬಾರ ಬೆಳೆ, ಕಸಿ, ನರ್ಸರಿ, ಕೊಯ್ಲೋತ್ತರ ಸಂಸ್ಕರಣೆಗೆ ಪ್ರತ್ಯೇಕ ಕೋರ್ಸುಗಳಿವೆ. ಮೂಡಿಗೆರೆಯ ಸುತ್ತ ಕಾಫಿ, ಮೆಣಸಿನ ತೋಟಗಳೇ ಇವೆ. ಕೃಷಿ ಪದವಿಗೆ ಇಲಾಖೆಯ ಹುದ್ದೆ, ಬ್ಯಾಂಕು, ಬೀಜ ಮತ್ತು ಗೊಬ್ಬರ ಕಂಪನಿಗಳ ಕೆಲಸ ಹೆಚ್ಚು ಎಂಬುದು ನಿಜ, ಆ ಲೆಕ್ಕದಿಂದ ಆರಿಸಿದರೆ ತಪ್ಪಿಲ್ಲ. ಆದರೆ ಮನೆ ತೋಟಕ್ಕೇ ಮರಳುವ ಮನಸ್ಸಿದ್ದವರು ತೋಟಗಾರಿಕೆಯನ್ನು ಮೊದಲ ಆಯ್ಕೆಯಾಗಿ ಬರೆಯಬೇಕು. ಕಾಡು, ಬೆಟ್ಟ, ಮರ ಎಣಿಕೆ, ವನ್ಯಜೀವಿ ಇಷ್ಟವಿರುವವರಿಗೆ ಅರಣ್ಯ. ಗುಡ್ಡ ಹತ್ತಲು ಬೇಸರವಿರಬಾರದು.

ಪ್ರವೇಶ ಸಿಇಟಿ ಮೂಲಕ. ಬಾಗಿಲು ನಿಜವಾಗಿ ಮುಚ್ಚುವುದು ಸಿಇಟಿಯಲ್ಲಲ್ಲ, ಎರಡು ವರ್ಷ ಮೊದಲು, ಪ್ರಥಮ ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ದಿನ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿ ನಾಲ್ಕೂ ಪತ್ರಿಕೆ ಬರೆದರೆ ಈ ಮೂರರಲ್ಲಿ ಯಾವ ದಾರಿಯೂ ತಪ್ಪುವುದಿಲ್ಲ. ರೈತರ ಮಕ್ಕಳ ಕೋಟಾಕ್ಕೆ ಬೀಜ, ಬೆಳೆ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇದೆ. ಅದಕ್ಕೆ ಬೇಕಾದ ಕಾಗದಪತ್ರದಲ್ಲೇ ಬಹಳ ಮಂದಿ ಎಡವುತ್ತಾರೆ. ನಮ್ಮಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ. ವಂಶವೃಕ್ಷ, ತಹಸೀಲ್ದಾರರ ಪ್ರಮಾಣಪತ್ರ, ಒಂದರಿಂದ ಹತ್ತರವರೆಗಿನ ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ, ಇವನ್ನೆಲ್ಲ ಬೇಸಿಗೆ ರಜೆಗೆ ಮೊದಲೇ ಮಾಡಿಸಿಡಿ. ಆಯ್ಕೆ ತುಂಬುವಾಗ ಕಾಲೇಜಿನ ಜೊತೆ ಕೋರ್ಸನ್ನೂ ಓದಿ ನೋಡಿ. ಸೀಟು ಸಿಕ್ಕಿ, ಇನ್ನೂ ಮೇಲಿನ ಆಯ್ಕೆಗೆ ಕಾಯುವ ಆಸೆಯಿದ್ದರೆ ಒತ್ತಬೇಕಾದದ್ದು ಎರಡನೇ ಚಾಯ್ಸ್. ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದ ಸೀಟೂ ಹೋಗುತ್ತದೆ.

ಸೇರಿದ ಮೇಲೆ ಕೋರ್ಸಿನ ಮುಂದೆ 2+1 ಎಂದು ಕಾಣುತ್ತದೆ. ವಾರಕ್ಕೆ ಎರಡು ಗಂಟೆ ಪಾಠ, ಎರಡು ಗಂಟೆಯ ಒಂದು ಪ್ರಾಯೋಗಿಕ, ಒಟ್ಟು ಮೂರು ಕ್ರೆಡಿಟ್ ಎಂದು ಅದರ ಅರ್ಥ. ಪ್ರಾಯೋಗಿಕವನ್ನು ಹಗುರವಾಗಿ ತೆಗೆದುಕೊಂಡವರಿಗೆ ಕೀಟ ಸಂಗ್ರಹ, ಕಳೆಗಿಡ ಸಂಗ್ರಹ ಒಪ್ಪಿಸುವಾಗ ಕಷ್ಟ. ಮಲೆನಾಡಿನ ಜುಲೈ ತಿಂಗಳಲ್ಲಿ ಒತ್ತಿಟ್ಟ ಗಿಡ ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಪತ್ರಿಕೆಯ ಹಾಳೆಯನ್ನು ದಿನಾ ಬದಲಿಸಬೇಕು. ಹಾಳೆಯನ್ನು ಒಲೆಯ ಬಳಿ ಬಿಸಿಮಾಡಿ ಹಾಕಿದರೆ ಇನ್ನೂ ಒಳ್ಳೆಯದು. ದುಂಬಿಗೆ ಸೂಜಿ ಚುಚ್ಚುವುದು ಬಲಗಡೆಯ ಗಟ್ಟಿ ರೆಕ್ಕೆಯ ಮೇಲೆ, ಚಿಟ್ಟೆಗೆ ಎದೆಭಾಗದ ನಡುವೆ. ಪೂರ್ತಿ ಒಣಗುವ ಮೊದಲು ಪೆಟ್ಟಿಗೆ ಮುಚ್ಚಿದರೆ ನುಸಿಗುಳಿಗೆ ಇಟ್ಟರೂ ಉಪಯೋಗವಿಲ್ಲ, ಒಳಗೇ ಕೊಳೆಯುತ್ತದೆ. ಸಂಗ್ರಹವನ್ನು ಸೆಮಿಸ್ಟರಿನ ಮೊದಲ ವಾರದಿಂದಲೇ, ಹಾಸ್ಟೆಲಿನ ವರಾಂಡದ ದೀಪದ ಕೆಳಗೆ ಬೀಳುವ ಹುಳುಗಳಿಂದಲೇ ಶುರುಮಾಡಬಹುದು. ನಾಲ್ಕನೇ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಕಾರ್ಯಾನುಭವ ಬರುತ್ತದೆ. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವುದು ಅದರ ಭಾಗ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆ ಔಷಧಿ (ಬೋರ್ಡೋ ದ್ರಾವಣ) ಮಾಡಿ ತೋರಿಸು ಎಂದು ಯಾರಾದರೂ ಕೇಳೇ ಕೇಳುತ್ತಾರೆ: ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ ಮತ್ತೆ ಅದ್ದಿ ನೋಡಬೇಕು.